ಉಳಿಸಿಕೊಂಡ ಶುಭ್ರ ಪ್ರತಿ

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವುದೆಂದು ತೀರ್ಮಾನವಾದಾಗ, ಅದರ ಕನ್ನಡ ಗ್ರಂಥಾಲಯವನ್ನು ಠಾಣೆಯ ಒಂದು ಬಾಡಿಗೆ ಕೋಣೆಗೆ ಸಾಗಿಸಬೇಕಾಯಿತು. ಆ ಕೋಣೆಯಲ್ಲಿ ಅರ್ಧದಷ್ಟು ಪುಸ್ತಕಗಳಿಗೂ ಜಾಗವಿರಲಿಲ್ಲ. ಯಾವುದನ್ನು ಉಳಿಸಬೇಕೆಂಬ ನಿರ್ಣಯವನ್ನು ನನಗೆ ವಹಿಸಿದರು. ಈಗ ಮುಚ್ಚಿಹೋಗಿರುವ ಕನ್ನಡ ಶಾಲೆಯೊಂದರಲ್ಲಿ ವ್ಯಾಕರಣ ಕಲಿಸಿದವನು ನಾನು. ಶಿಸ್ತಿನ ಕೆಲಸವೆಂದರೆ ಜನ ಇಂದಿಗೂ ನನ್ನ ಕಡೆಗೆ ನೋಡುತ್ತಾರೆ.

ಪ್ರತಿ ಪುಸ್ತಕದ ಲೇಖಕ, ಶೀರ್ಷಿಕೆ, ಪ್ರಕಾಶಕರು, ಊರು, ವರ್ಷ ಇವಿಷ್ಟನ್ನು ಕಂಪ್ಯೂಟರಿನ ಒಂದೇ ಕಡತದಲ್ಲಿ ಟೈಪು ಮಾಡಿದೆ. ಬಳಿಕ ಕಪ್ಪು ಪರದೆಯಲ್ಲಿ ಒಂದು ಸಾಲಿನ ಆಜ್ಞೆ ಕೊಟ್ಟರೆ ಪ್ರೋಗ್ರಾಮು ಇಡೀ ಕಡತವನ್ನು ಓದಿ ಇಂಡೆಕ್ಸ್ ಕಟ್ಟುತ್ತಿತ್ತು. ಇನ್ನೊಂದು ಆಜ್ಞೆಯ ಮುಂದೆ ಯಾವ ಪದ ಬರೆದರೂ ಅದಿರುವ ದಾಖಲೆಗಳನ್ನು ಕ್ಷಣದಲ್ಲಿ ತೋರಿಸುತ್ತಿತ್ತು. ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಒಂದು ಆವರಣ ಚಿಹ್ನೆಯನ್ನು ಮುಚ್ಚದೆ ಬಿಟ್ಟರೂ ಅದು ತಪ್ಪಿರುವ ಸಾಲನ್ನು ಹೇಳಿ ನಿಂತುಬಿಡುತ್ತಿತ್ತು. ಇಷ್ಟು ಒಗ್ಗಿದ ಜೊತೆಗಾರ ನನಗೆ ಶಾಲೆಯಲ್ಲಿಯೂ ಸಿಕ್ಕಿರಲಿಲ್ಲ.

ಒಂದೇ ಪುಸ್ತಕದ ಎರಡು ಪ್ರತಿಗಳಿದ್ದರೆ ಇಂಡೆಕ್ಸಿನಲ್ಲಿ ಅವು ಒಂದರ ಕೆಳಗೊಂದು ಕಾಣುತ್ತಿದ್ದವು. ಒಂದನ್ನು ಉಳಿಸಿ ಇನ್ನೊಂದನ್ನು ತೆಗೆದೆ. ಯಾವುದನ್ನು ಉಳಿಸಬೇಕೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ: ಯಾರೂ ಏನನ್ನೂ ಬರೆಯದಿದ್ದ ಪ್ರತಿಯನ್ನು. ಪಠ್ಯಪುಸ್ತಕದಲ್ಲಿ ಗೀಚಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು. ಶಾಯಿ ಕಂಡ ಪ್ರತಿಗಳೆಲ್ಲ ಉಲ್ಹಾಸನಗರದ ರದ್ದಿ ವ್ಯಾಪಾರಿಗೆಂದು ಗೋಣಿಚೀಲ ಸೇರಿದವು.

ಸಂಘದ ಕಾರ್ಯದರ್ಶಿಗಳು ಕಲಬುರಗಿ ಕಡೆಯವರು, ಲೋಡಿಂಗ್ ಗುತ್ತಿಗೆದಾರರು. "ಸರ, ಇವು ಚಲೋ ಅದಾವಲ್ರಿ, ಯಾಕ ಒಗೀತೀರಿ?" ಎಂದರು.

"ಎರಡನೆಯ ಪ್ರತಿಗಳು. ಮೊದಲ ಪುಟದಲ್ಲೇ ಗೀಚಿದ್ದಾರೆ."

"ನೀವು ಅಂದ್ಮ್ಯಾಲ ಮುಗೀತು ಬಿಡ್ರಿ, ಹೈಕೋರ್ಟ್ ಆರ್ಡರ್!"

ನಮ್ಮಲ್ಲೊಂದು ಪದ್ಧತಿಯಿದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ನೆನಪಿಗೆ ಗ್ರಂಥಾಲಯಕ್ಕೊಂದು ಪುಸ್ತಕ ಕೊಡುತ್ತಾರೆ. ಮೊದಲ ಪುಟದಲ್ಲಿ ಎರಡು ಮಾತು ಬರೆದಿರುತ್ತಾರೆ. ಪ್ರತಿ ವರ್ಷ ತಿಥಿಯಂದು ಅದೇ ಪುಸ್ತಕವನ್ನು ಮನೆಗೊಯ್ದು, ಫೋಟೋದ ಮುಂದಿಟ್ಟು, ತಂದು ಒಪ್ಪಿಸುತ್ತಾರೆ. ಇದು ನನಗೆ ತಿಳಿಯದ ವಿಷಯವಲ್ಲ. ಶಾಯಿಯನ್ನು ನೋಡಿದೆ, ಓದಲಿಲ್ಲ, ಅಷ್ಟೆ.

ಸ್ಥಳಾಂತರಕ್ಕೆ ಮುಂಚಿನ ಒಂದು ಶನಿವಾರ, ಸೀವುಡ್ಸ್‌ನಿಂದ ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಒಬ್ಬ ಮಹಿಳೆ ಬಂದರು. ಉಡುಪಿ ಕಡೆಯವರು, ಅವರ ತಂದೆ ಹೋಟೆಲೊಂದರಲ್ಲಿ ಕ್ಯಾಷಿಯರ್ ಆಗಿದ್ದವರು.

"ಮಾಷ್ಟ್ರೇ, ನಾಳೆ ಅಮ್ಮನ ತಿಥಿ. ಅಮ್ಮನ ಪುಸ್ತಕ ಬೇಕಿತ್ತು."

ತಾಯಿಯ ಹೆಸರನ್ನು ಕೇಳಿ ಹುಡುಕಿದೆ. ಏನೂ ಬರಲಿಲ್ಲ.

"ಅಡುಗೆಯದ್ದು ಮಾರಾಯ್ರೆ, ಅಪ್ಪ ಮೊದಲ ಪುಟದಲ್ಲಿ ಬರೆದು ಕೊಟ್ಟದ್ದು. ಅಮ್ಮ ಅಂಥ ಪುಸ್ತಕ ನೋಡಿ ಒಂದು ಸಾರೂ ಮಾಡಿದ್ದಿಲ್ಲ. ಅಪ್ಪನಿಗೆ ಅದೇ ತಮಾಷೆ."

'ಅಡುಗೆ' ಎಂದು ಹುಡುಕಿದೆ, ದಾಖಲೆ ಬಂತು. ಕಪಾಟಿನಿಂದ ಪುಸ್ತಕ ತೆಗೆದು, ಸ್ವಲ್ಪ ಹೆಮ್ಮೆಯಿಂದಲೇ ಅವರ ಕೈಗಿತ್ತೆ. ಅವರು ಮೊದಲ ಪುಟ ತೆರೆದರು, ಹಿಂದಿನ ರಕ್ಷಾಪುಟ ನೋಡಿದರು, ಮತ್ತೆ ಮೊದಲ ಪುಟಕ್ಕೆ ಬಂದರು.

"ಇದಲ್ಲ. ಇದರಲ್ಲಿ ಅಪ್ಪನ ಅಕ್ಷರ ಇಲ್ಲ."

"ಅದೇ ಪುಸ್ತಕ, ಅದೇ ಮುದ್ರಣ," ಎಂದೆ. ಹೇಳುತ್ತಿರುವಾಗಲೇ ನನಗೆ ಜಗಲಿಯಲ್ಲಿದ್ದ ಚೀಲಗಳು ನೆನಪಾದವು.

"ಹಾಗಾದರೆ ಅಪ್ಪ ಬರೆದದ್ದು ಎಲ್ಲಿ? ಅಪ್ಪನೂ ಹೋದರಲ್ಲ. ಅವರ ಕೈಬರಹ ಅಂತ ನಮಗೆ ಉಳಿದದ್ದು ಅದೊಂದೇ."

ಕಾರ್ಯದರ್ಶಿಗಳು ಚೀಲಗಳ ಹುರಿ ಕತ್ತರಿಸಿದರು. ಮೂವರೂ ನೆಲದ ಮೇಲೆ ಕುಳಿತು ಒಂದೊಂದೇ ಪುಸ್ತಕ ತೆರೆದೆವು. ಅಣ್ಣನ ನೆನಪಿಗೆ. ಅತ್ತೆಯ ನೆನಪಿಗೆ. ಹೆಸರಿಡುವ ಮುಂಚೆ ಹೋದ ಮಗುವಿನ ನೆನಪಿಗೆ. ಒಂದು ಪುಸ್ತಕದ ಮೇಲೆ ಕಾರ್ಯದರ್ಶಿಗಳ ಕೈ ನಿಂತಿತು. "ಇದು ನಮ್ಮ ಕಾಕಾಂದ್ರಿ, ಸರ," ಎಂದು ಚಿಕ್ಕಪ್ಪನ ಹೆಸರಿದ್ದ ಅದನ್ನು ಪಕ್ಕಕ್ಕಿಟ್ಟುಕೊಂಡರು. ಮುಂದಿನ ಪುಸ್ತಕ ತೆರೆದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಡುಗೆಯ ಪುಸ್ತಕ ಸಿಗಲಿಲ್ಲ. ಹಿಂದಿನ ವಾರವೇ ಕೆಲವು ಚೀಲಗಳು ಹೋಗಿದ್ದವು. ರದ್ದಿಯವನಿಗೆ ಫೋನು ಮಾಡಿದಾಗ, "ವೋ ಮಾಲ್ ತೋ ಕಬ್ ಕಾ ಗಯಾ, ಸೇಠ್," ಆ ಮಾಲು ಯಾವಾಗಲೋ ಹೋಯಿತೆಂಬ ಉತ್ತರ ಎಲ್ಲರಿಗೂ ಕೇಳಿಸಿತು.

ನಾನು ಕ್ಷಮೆ ಕೇಳಿದೆ. ಕರ್ತೃ, ಕರ್ಮ, ಕ್ರಿಯೆ ಎಲ್ಲವೂ ಸ್ವಸ್ಥಾನದಲ್ಲಿದ್ದ ದೀರ್ಘ ವಾಕ್ಯವದು. ಆ ಮಹಿಳೆ ಪೂರ್ತಿ ಕೇಳಲಿಲ್ಲ.

"ನಾಳೆ ಫೋಟೋದ ಎದುರು ಎಂತ ಇಡುವುದು ನಾನು? ಇದರಲ್ಲೇ ಬರೆದು ಕೊಡಿ. ಅಪ್ಪ ಬರೆದದ್ದು ನನಗೆ ಬಾಯಿಪಾಠ ಉಂಟು."

"ನಾನು ಬರೆಯುವುದೇ?"

"ಮತ್ತೆ? ಕಳೆದವರು ನೀವಲ್ವಾ."

ಅವರು ಹೇಳುತ್ತಾ ಹೋದರು, ಶುಭ್ರವೆಂದು ನಾನು ಉಳಿಸಿಕೊಂಡಿದ್ದ ಪುಟದಲ್ಲಿ ನಾನು ಬರೆಯುತ್ತಾ ಹೋದೆ: "ನನ್ನ ಹೆಂಡತಿ ಪುಸ್ತಕ ನೋಡದೆ ಅಡುಗೆ ಮಾಡಿದಳು. ನೋಡಿ ಮಾಡುವವರಿಗೆ ಇದು." ಕೆಳಗೆ ತಾಯಿಯ ಹೆಸರು.

"ತಂದೆಯವರ ಸಹಿ?" ಎಂದೆ.

"ಅದು ಬೇಡ. ಅದನ್ನು ಅವರೇ ಹಾಕಬೇಕಿತ್ತು."

ಪುಸ್ತಕವನ್ನು ಸೆರಗಿನಲ್ಲಿ ಒರೆಸಿ, ಚೀಲದೊಳಗಿಟ್ಟುಕೊಂಡು ಹೊರಟರು.

ಉಳಿದ ಚೀಲಗಳ ಪುಸ್ತಕಗಳನ್ನೆಲ್ಲ ಮತ್ತೆ ಕಪಾಟಿಗೆ ತಂದೆ. ಜಾಗಕ್ಕಾಗಿ ಶುಭ್ರ ಪ್ರತಿಗಳನ್ನು ಬಿಟ್ಟುಕೊಟ್ಟೆ. ಮೊದಲ ಪುಟದ ಬರಹಕ್ಕೊಂದು, ಬರೆದವರಿಗೊಂದು ಹೊಸ ಅಂಕಣ ಸೇರಿಸಿ ಇಂಡೆಕ್ಸನ್ನು ಮತ್ತೊಮ್ಮೆ ಕಟ್ಟಿಸಿದೆ. ಈಗ ಆ ತಾಯಿಯ ಹೆಸರನ್ನು ಕೊಟ್ಟರೆ ಅಡುಗೆಯ ಪುಸ್ತಕ ಬರುತ್ತದೆ. ಬರೆದವರು ಎಂಬಲ್ಲಿ ತಂದೆಯ ಹೆಸರು ಹಾಕಲು ಕೈ ಬರಲಿಲ್ಲ. ನನ್ನದನ್ನೇ ಹಾಕಿ, ಮೂಲ ಪ್ರತಿ ರದ್ದಿಗೆ ಹೋಯಿತೆಂದೂ ಕಳುಹಿಸಿದವನು ನಾನೆಂದೂ ಸೇರಿಸಿದೆ. ಇಡೀ ಇಂಡೆಕ್ಸಿನಲ್ಲಿ ನನ್ನ ಹೆಸರನ್ನು ಹುಡುಕಿದವರಿಗೆ ಸಿಗುವುದು ಆ ಒಂದು ದಾಖಲೆ ಮಾತ್ರ.