ಅಕ್ಕನ ಕಾಲು ಐಸಿನ ಮೇಲೆ ನಿಲ್ಲದ ದಿನ

ಬೀದರಿನ ನೌಬಾದಿನಲ್ಲಿ ನಮ್ಮ ಮನೆಯ ಮುಂದಿನ ರಸ್ತೆಗೆ ಅಕ್ಕ ಗಾಲಿ ಸ್ಕೇಟ್ ಕಟ್ಟಿಕೊಂಡು ಇಳಿದರೆ ಸೈಕಲ್ಲಿನವರೂ ಪಕ್ಕಕ್ಕೆ ಸರಿಯುತ್ತಿದ್ದರು. ಜಲ್ಲಿ ಎದ್ದ ಡಾಂಬರು ಅದು. ಒಮ್ಮೆ ಒದ್ದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ವೇಗ ಸತ್ತುಹೋಗುತ್ತಿತ್ತು. ಗಾಲಿಯ ನಡುಕ ಮೊಣಕಾಲಿನವರೆಗೆ ಏರುತ್ತಿತ್ತು. ಅದಕ್ಕೇ ಅಕ್ಕ ಗಿಡ್ಡಗಿಡ್ಡ ಹೆಜ್ಜೆಯಲ್ಲಿ ಬಿರುಸಾಗಿ ಒದೆಯುವುದನ್ನು ಕಲಿತಿದ್ದಳು. ನಾನು ಉದ್ದಕ್ಕೆ ತಳ್ಳಿ ಒಂಟಿಕಾಲಿನ ಮೇಲೆ ತೇಲಲು ಹೋಗಿ ಯಾವಾಗಲೂ ಹಿಂದೆ ಉಳಿಯುತ್ತಿದ್ದೆ. ಭಾಲ್ಕಿಯ ಅತ್ತೆಯ ಮನೆಯ ನುಣುಪು ಫರಸಿಕಲ್ಲಿನ ನೆಲದ ಮೇಲೆ ಮಾತ್ರ ನನ್ನ ಆಟ ನಡೆಯುತ್ತಿತ್ತು. ಅಲ್ಲಿಯೂ ಅತ್ತೆ ಬಿಡಬೇಕಲ್ಲ!

"ಏ ಹುಡುಗೀ, ಫರಸಿಗಿ ಗೀರ ಬೀಳ್ತಾವ, ತೆಗಿ ಅವನ್ನ!"

ಗಾಲಿ ಸ್ಕೇಟ್ ಕಟ್ಟಿಕೊಂಡು ಹಾಕಿ ಆಟವನ್ನೂ ಆಡುತ್ತಿದ್ದ ನಮ್ಮಿಬ್ಬರನ್ನೂ ಒಂದು ವರ್ಷ ಐಸ್ ಹಾಕಿ ತಂಡದ ಆಯ್ಕೆಯ ಶಿಬಿರಕ್ಕೆ ಕರೆದರು. ದೂರದ ನಗರದ ಮಾಲೊಂದರಲ್ಲಿ ಐಸಿನ ಅಂಗಳವಿತ್ತು. ಅಕ್ಕ ಎಂದಿನಂತೆ ಮೊದಲು ಇಳಿದಳು. ನಾಲ್ಕು ಬಾರಿ ಬಿರುಸಾಗಿ ಒದ್ದಳು. ಐಸ್ ಸ್ಕೇಟಿನ ಅಲಗು ಹಿಡಿತ ಸಿಗದೆ ಹಿಂದಕ್ಕೆ ಜಾರಿತು. ನಿಲ್ಲಲೆಂದು ಗಾಲಿಯ ಅಭ್ಯಾಸದಂತೆ ಹಿಂದಿನ ಕಾಲನ್ನು ಎಳೆದಳು. ಅದೂ ಜಾರಿ, ಧೊಪ್ಪನೆ ಕುಳಿತಳು.

"ಮೇಡಂ, ಕಾಲ ನಿಲ್ಲವಲ್ದರಿ!" ಎಂದವಳ ದನಿಯಲ್ಲಿ ಅಳು ತುಂಬಿತ್ತು.

ತರಬೇತಿಯ ಮೇಡಂ ನಮ್ಮ ಕಡೆಯವರೇ. "ಇದು ನಿಮ್ಮ ರೋಡ ಅಲ್ಲವ್ವ. ಮಣಕಾಲ ಬಗ್ಸು. ಅಲಗಿನ ಒಳಅಂಚಿನ ಮ್ಯಾಲ ವಾಲಿ ಬಾಜೂಕ ತಳ್ಳು. ಆಮ್ಯಾಲ ಸುಮ್ನ ಜಾರಾಕ ಬಿಡು," ಎಂದರು.

ಅವರು ಹೇಳಿದ್ದು ನನ್ನ ಹಳೆಯ ನಿಧಾನದ ನಡೆಯನ್ನೇ. ನಾನು ತಳ್ಳಿದೆ. ಐಸು ನನ್ನನ್ನು ತಡೆಯಲೇ ಇಲ್ಲ. ಒಂದೇ ನೂಕಿಗೆ ಅರ್ಧ ಅಂಗಳ ದಾಟಿದೆ. ಅಲಗುಗಳನ್ನು ಅಡ್ಡ ತಿರುಗಿಸಿ ನಿಲ್ಲಲು ಬಾರದೆ ಎದುರಿನ ಕಟಾಂಜನಕ್ಕೆ ಹೋಗಿ ಬಡಿದದ್ದು ಬೇರೆ ಮಾತು. ತಿರುಗಿ ನೋಡಿದರೆ ಅಕ್ಕ ಬೆಂಚಿನ ಮೇಲೆ ಕೂತು ಲೇಸು ಬಿಚ್ಚುತ್ತಿದ್ದಳು.

"ನಾ ಇನ್ನ ಇಳಿಯಂಗಿಲ್ಲ."

"ನನ್ನ ನಡ ಹಿಡ್ಕೊ ಅಕ್ಕಾ, ನಾ ಎಳಕೊಂಡ ಹೋಗ್ತೇನಿ."

ಮುನಿಸಿನಲ್ಲೇ ಲೇಸು ಮತ್ತೆ ಕಟ್ಟಿ, ಎದ್ದು ಬಂದು ನನ್ನ ಸೊಂಟ ಹಿಡಿದಳು. ಸಂಜೆಯೊಳಗೆ ಅವಳ ಹೆಜ್ಜೆಯೂ ಉದ್ದವಾಗಿತ್ತು.

ತಂಡಕ್ಕೆ ನಾವಿಬ್ಬರೂ ಆಯ್ಕೆಯಾಗಲಿಲ್ಲ. ಈಗ ನಾನು ಔರಾದದ ಸಾಲೆಯೊಂದರಲ್ಲಿ ಪಿ.ಟಿ. ಟೀಚರ್, ಅಕ್ಕ ಬೀದರಿನಲ್ಲಿ ನರ್ಸ್. ಭೇಟಿಯಾದಾಗ ಅವಳು ಆ ಸಂಜೆಯ ಮಾತು ತೆಗೆಯುತ್ತಾಳೆ. "ಜಿಂದಗಿದಾಗ ನೀ ಮುಂದ, ನಾ ಹಿಂದ ಇದ್ದದ್ದು ಅದೊಂದೇ ದಿನ ನೋಡು. ಎಷ್ಟ ಮಜಾ ಇತ್ತು!" ಎನ್ನುತ್ತಾಳೆ.