ಬೆಸುಗೆ ಹಾಕಿದ ತೂತು

ನಮ್ಮ ದೊಡ್ಡಪ್ಪ ಯಾರನ್ನೂ ಬೈದವರಲ್ಲ. ಆ ದಿನವಾದರೂ ಬೈಯಬೇಕಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಅವರದು ಹಿತ್ತಾಳೆ ಕೆಲಸ. ಮೋಟಾರು ಗಾಡಿ ಹೊಸದಾಗಿ ಬಂದ ಕಾಲವದು. ಏರು ಹತ್ತುವಷ್ಟರಲ್ಲಿ ಎಂಜಿನ್ ಕಾದು, ನೀರು ಕೊತಕೊತ ಕುದಿದು, ಗಾಡಿ ನಡುದಾರಿಯಲ್ಲಿ ಮೊಂಡು ಹಿಡಿಯುತ್ತಿತ್ತು. ಟೋಪಿಯಲ್ಲಿ ಗಾಳಿ ಬೀಸಿಕೊಳ್ಳುತ್ತ ನಿಂತ ಸಾಹುಕಾರರನ್ನು ನೋಡಿ ಊರೆಲ್ಲ ನಗುತ್ತಿತ್ತು. ದೊಡ್ಡಪ್ಪ ಮಾತ್ರ ಗಾಡಿಯನ್ನೇ ನೋಡುತ್ತಿದ್ದರು. ನೀರಿನ ತೊಟ್ಟಿ ದೊಡ್ಡದು ಮಾಡಿದರೆ ಸಾಲದು, ಬಿಸಿನೀರಿಗೆ ಗಾಳಿ ತಾಗಬೇಕು ಎಂಬುದು ಅವರಿಗೆ ಹೊಳೆಯಿತು. ಎರಡು ವರ್ಷ ತಲೆ ಕೆಡಿಸಿಕೊಂಡು, ಬೆರಳು ಸುಟ್ಟುಕೊಂಡು, ತೊಂಬತ್ತು ತೆಳು ಕೊಳವೆಗಳನ್ನು ಸಾಲಾಗಿ ಬೆಸೆದು ರೇಡಿಯೇಟರ್ ಮಾಡಿದರು. ಅದನ್ನು ಕೂರಿಸಿದ ಗಾಡಿ ಒಂದೇ ಉಸಿರಿಗೆ ಏರು ಹತ್ತಿತು.

ಕೊಳವೆ ಕೂರಿಸುವ ತಟ್ಟೆಗೆ ತೂತು ಕೊರೆಯಲು ಒಂದು ಅಚ್ಚಿನ ತಗಡಿತ್ತು. ಅದರ ಮೂರನೇ ಸಾಲಿನಲ್ಲಿ ಬೈರಿಗೆ ಜಾರಿ ಒಂದು ತೂತು ಹೆಚ್ಚಿಗೆ ಬಿದ್ದಿತ್ತು. ಮೊದಲ ಗಾಡಿ ತಣ್ಣಗೆ ಓಡಿದ್ದು ಈ ತಗಡಿನಿಂದಲೇ ಎಂದು ದೊಡ್ಡಪ್ಪ ಅದನ್ನು ತಿದ್ದಲೇ ಇಲ್ಲ. ಪ್ರತಿ ಸಲವೂ ಆ ತೂತನ್ನೂ ಕೊರೆಯುವುದು, ಮತ್ತೆ ಬೆಸುಗೆ ಹಾಕಿ ಮುಚ್ಚುವುದು. ಇಂಥ ಹಟಮಾರಿಯನ್ನು ನಾನು ಬೇರೆ ಕಂಡಿಲ್ಲ. ತಗಡಿನ ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಇಬ್ಬರ ಬಳಿ: ಅವರು, ಅವರೇ ಕೆಲಸ ಕಲಿಸಿದ ತಮ್ಮ. ಆ ತಮ್ಮ ನನ್ನ ಅಪ್ಪ.

ಅಪ್ಪನಿಗೆ ದೂರದ ಕಾರ್ಖಾನೆಯಲ್ಲಿ ಮೇಸ್ತ್ರಿ ಕೆಲಸ ಸಿಕ್ಕಿತು. ದೊಡ್ಡಪ್ಪ ಎದುರಿಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ಬೀಗಿದರು.

ವರ್ಷದ ಮೇಲೆ ಆ ಕಾರ್ಖಾನೆಯ ಗಾಡಿಯೊಂದು ನೀರು ಸೋರಿಸುತ್ತ ದೊಡ್ಡಪ್ಪನ ಅಂಗಡಿಗೆ ಬಂತು. ರಜೆಗೆ ಬಂದಿದ್ದ ಅಪ್ಪ ಅಲ್ಲೇ ಕುಳಿತಿದ್ದರು. ಊಟಕ್ಕೆ ಕರೆಯಲು ಹೋದ ನಾನು ಬಾಗಿಲಲ್ಲೇ ನಿಂತೆ. ದೊಡ್ಡಪ್ಪ ರೇಡಿಯೇಟರಿನ ಮುಚ್ಚಳ ಬಿಚ್ಚಿದರು. ತೊಂಬತ್ತು ಕೊಳವೆ. ಮೂರನೇ ಸಾಲಿನಲ್ಲಿ ಒಂದು ತೂತು, ಬೆಸುಗೆ ಹಾಕಿ ಮುಚ್ಚಿದ್ದು. ಸೋರುತ್ತಿದ್ದದ್ದು ಅಲ್ಲಿಂದಲೇ. ಕಾರ್ಖಾನೆಯವರು ಅದೂ ಒಂದು ಗುಟ್ಟೆಂದು ನಂಬಿ, ಕೊರೆದು ಕೊರೆದು ಮುಚ್ಚುತ್ತಿದ್ದರು.

ಅಪ್ಪ ತಲೆ ತಗ್ಗಿಸಿದರು. ಹೆತ್ತ ಅಪ್ಪನ ಮೇಲೆ ನನಗೆ ಹೇಸಿಗೆಯಾಯಿತು. ದೊಡ್ಡಪ್ಪ ಆ ತೂತಿಗೆ ಹೊಸದಾಗಿ ಬೆಸುಗೆ ಹಾಕಿದರು, ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಬರುತ್ತಿಲ್ಲವೆಂದು ನೋಡಿಕೊಂಡರು, ಕೈ ಒರೆಸಿಕೊಂಡರು.

"ನೀನು ಕೊಟ್ಟಿದ್ದು ಕೊಟ್ಟೆ," ಎಂದರು. "'ಅದೊಂದು ನಮ್ಮಣ್ಣನ ಕೈತಪ್ಪು, ಬಿಟ್ಟುಬಿಡಿ' ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ?"

ಅಪ್ಪ ಹೇಗೆ ಹೇಳುತ್ತಾರೆ? ಹೇಳಿದ್ದರೆ, ಇದನ್ನೆಲ್ಲ ಕಂಡುಹಿಡಿದ ಅಣ್ಣನೊಬ್ಬನಿದ್ದಾನೆ ಎಂದು ಅಲ್ಲಿ ಒಪ್ಪಿಕೊಳ್ಳಬೇಕಾಗುತ್ತಿತ್ತು.