ಡಬ್ಬಿ ತಗಡಿನ ಬಿಲ್ಲೆ

ಎಪ್ಪತ್ತರ ದಶಕದಲ್ಲಿ ವಿಜಾಪುರದೊಳಗೆ ಸೈಕಲ್ ಹೊಡೆಯಬೇಕಾದರೆ ಅದಕ್ಕೆ ಮುನಸಿಪಾಲ್ಟಿ ಅಂಕಿ ಒತ್ತಿ ಕೊಡುವ ಪರವಾನಗಿಯ ಬಿಲ್ಲೆ ಇರಬೇಕಿತ್ತು. ಕಚೇರಿಗೆ ಹೋಗಿ ತರುವುದು ಅರ್ಧ ತಾಸಿನ ಕೆಲಸ. ಕಾಲೇಜು ಕಲಿಯುತ್ತಿದ್ದ ನನಗೆ ಸೊಕ್ಕು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಮೊಳೆಯಿಂದ ಅಂಕಿ ಬರೆದು ಅಪ್ಪನ ಸೈಕಲ್ಲಿಗೆ ಬಿಗಿದೆ. ಕಚೇರಿಯಿಂದಲೇ ತಂದೆನೆಂದು ಅಪ್ಪನಿಗೆ ಸುಳ್ಳು ಹೇಳಿದೆ.

ಒಂದು ದಿನ ಅಪ್ಪ, ನಾನು ಇಬ್ಬರೂ ಅದರ ಮೇಲೆ ಬರುವಾಗ ತಿಕೋಟಾ ರಸ್ತೆಯ ತಪಾಸಣೆ ನಾಕಾದಲ್ಲಿ ಮುನಸಿಪಾಲ್ಟಿ ಜವಾನ ತಡೆದ. ಬಿಲ್ಲೆ ಬಿಚ್ಚಿ ತಿರುವಿದರೆ ಬೆನ್ನಿಗೆ ಎಣ್ಣೆ ಡಬ್ಬಿಯ ಚಿತ್ರ ಹಾಗೇ ಇತ್ತು.

"ಈ ಅಂಕಿ ಬರದವ್ರ್ಯಾರು?"

ಅಪ್ಪ ಒಮ್ಮೆ ನನ್ನ ಮುಖ ನೋಡಿ, "ನಾನ ಬರದೇನ್ರಿ," ಅಂದ.

ಜವಾನ ದಂಡದ ಪಾವತಿ ಚೀಟಿ ಚಾಚಿ ಸಹಿ ಕೇಳಿದ. ಅಪ್ಪ ಹೆಬ್ಬೆಟ್ಟು ಮುಂದೆ ಮಾಡಿದ.